ಹತ್ತು ವರ್ಷ ದುಡಿದರೆ ಖಾಯಂ ಆಗುತ್ತಾ? ಕೋರ್ಟು ಹೇಳಿದ್ದೇನು, ನಾವು ಕೇಳಿಸಿಕೊಂಡಿದ್ದೇನು

2025ರ ಆಗಸ್ಟ್ 19ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಉತ್ತರ ಪ್ರದೇಶದ ಉನ್ನತ ಶಿಕ್ಷಣ ಸೇವಾ ಆಯೋಗದಲ್ಲಿ 1989ರಿಂದ 1992ರ ನಡುವೆ ದಿನಗೂಲಿಗೆ ಸೇರಿದ ಕೆಲವರ ಕೇಸು ಅದು. ಅವರನ್ನು 2002ರ ಏಪ್ರಿಲ್‌ನಿಂದಲೇ ಖಾಯಂ ಅಂತ ಲೆಕ್ಕ ಹಾಕಿ, ಖಾಲಿ ಹುದ್ದೆ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಎಂದಿತು ಕೋರ್ಟು. ಇದಾಗಿ ಮೂರು ತಿಂಗಳಿಗೆ, ನವೆಂಬರ್ 21ರಂದು, ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಲ್ಲಿ 'ಒಂದು ವರ್ಷದ ಸೇವೆಗೂ ಗ್ರಾಚ್ಯುಟಿ' (ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡುಗಂಟು) ಎಂಬ ಮಾತಿತ್ತು.

ಈ ಎರಡು ಸುದ್ದಿ ಸೇರಿ ದೊಡ್ಡ ಗೊಂದಲ ಆಗಿದೆ. ಇಷ್ಟು ವರ್ಷ ದುಡಿದವರೆಲ್ಲ ಇನ್ನು ಖಾಯಂ ಅಂತ ಕೆಲವರು ಅಂದುಕೊಂಡಿದ್ದಾರೆ. ದಿನಗೂಲಿಗಳಿಗೆ ಖಾಯಂ ಆಗುವ ಹಕ್ಕೇ ಇಲ್ಲ ಅಂತ ಇದೇ ಸುಪ್ರೀಂ ಕೋರ್ಟ್ ಹಿಂದೆ ಹೇಳಿತ್ತಲ್ಲ ಅಂತ ಇನ್ನು ಕೆಲವರು ಕೇಳುತ್ತಾರೆ. ಹಿಂದೆ ಹಾಗೆ ಹೇಳಿದ್ದು ನಿಜ. ಆ ಕೇಸು ಹೋಗಿದ್ದು ನಮ್ಮ ಕರ್ನಾಟಕದಿಂದಲೇ. ಹಾಗಾದರೆ ಈಗ ಬದಲಾಗಿದ್ದು ಏನು? ಒಂದಿಷ್ಟು ಬದಲಾಗಿದೆ. ಆದರೆ ಬದಲಾದ ಭಾಗ ಯಾರಿಗೆ ಮುಟ್ಟುತ್ತದೆ ಅನ್ನೋದು ಎಷ್ಟು ವರ್ಷ ದುಡಿದಿರಿ ಎಂಬುದರ ಮೇಲೆ ನಿಂತಿಲ್ಲ. ಯಾವ ಬಾಗಿಲಿಂದ ಒಳಗೆ ಬಂದಿರಿ, ನಿಮ್ಮ ಹೆಸರು ಯಾರ ಪುಸ್ತಕದಲ್ಲಿದೆ ಎಂಬುದರ ಮೇಲೆ ನಿಂತಿದೆ.

ಒಂದೇ ಕಚೇರಿ, ನಾಲ್ಕು ಪುಸ್ತಕ

ಯಾವುದಾದರೂ ತಾಲ್ಲೂಕು ಮಟ್ಟದ ಸರ್ಕಾರಿ ಕಚೇರಿಯನ್ನು ನೆನಪಿಸಿಕೊಳ್ಳಿ. ಗುಮಾಸ್ತರು ಖಾಯಂ. ಅವರಿಗೆ ಸೇವಾ ಪುಸ್ತಕ ಇದೆ, ಬಡ್ತಿ ಇದೆ, ಇನ್‌ಕ್ರಿಮೆಂಟ್ ಇದೆ. ಕಾವಲುಗಾರ ದಿನಗೂಲಿ. ಅವರ ಹೆಸರು ಇರೋದು ಎನ್‌ಎಂಆರ್‌ನಲ್ಲಿ, ಅಂದರೆ ತಿಂಗಳಿಗೆ ಎಷ್ಟು ದಿನ ಬಂದರು ಅಂತ ಗೀಟು ಹಾಕುವ ಹಾಜರಿ ಪಟ್ಟಿಯಲ್ಲಿ. ಯಾವುದೋ ಯೋಜನೆಯಡಿ ಬಂದವರು ಗುತ್ತಿಗೆ. ವರ್ಷಕ್ಕೊಮ್ಮೆ ಆದೇಶ ಹೊರಡುತ್ತದೆ, ನಡುವೆ ಒಂದೆರಡು ದಿನ 'ಬ್ರೇಕ್' ತೋರಿಸುತ್ತಾರೆ. ಆ ಬ್ರೇಕ್ ದಿನವೂ ಬಹಳಷ್ಟು ಜನ ಕೆಲಸಕ್ಕೆ ಬಂದೇ ಇರುತ್ತಾರೆ. ಡಾಟಾ ಎಂಟ್ರಿ ಆಪರೇಟರ್ ಹೊರಗುತ್ತಿಗೆ. ಕೂರೋದು ಗುಮಾಸ್ತರ ಪಕ್ಕದ ಕುರ್ಚಿಯಲ್ಲೇ. ಕೆಲಸ ಹೇಳೋರು ಅದೇ ಅಧಿಕಾರಿ. ಆದರೆ ಸಂಬಳದ ಚೀಟಿಯ ಮೇಲೆ ಇರೋದು ಯಾವುದೋ ಏಜೆನ್ಸಿಯ ಹೆಸರು.

ಇವರ ಜತೆಗೆ 'ನೌಕರ' ಎಂಬ ಪದವನ್ನೇ ತಪ್ಪಿಸಿಕೊಂಡ ಇನ್ನೊಂದು ಗುಂಪಿದೆ. ಅತಿಥಿ ಉಪನ್ಯಾಸಕರು, ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು. ಇವರಿಗೆ ಸಿಗೋದು ಸಂಬಳ ಅಲ್ಲ, 'ಗೌರವಧನ'. ಇಪ್ಪತ್ತು ವರ್ಷ ಪಾಠ ಮಾಡಿದರೂ ಅತಿಥಿ! ಪದದ ಆಟ ಅಂತ ಸುಮ್ನೆ ನಕ್ಕುಬಿಡುವ ಹಾಗಿಲ್ಲ. ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆ ಅಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಕರ್ನಾಟಕದ ಕೇಸೊಂದರಲ್ಲೇ ತೀರ್ಮಾನಿಸಿತು. ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂಬ ಮಾತು ಬರಲು 2022ರವರೆಗೆ ಕಾಯಬೇಕಾಯಿತು. ಅದು ಗುಜರಾತಿನ ಕೇಸು.

ಹೊರಗಿನಿಂದ ನೋಡಿದರೆ ಇವರೆಲ್ಲ 'ಟೆಂಪರರಿ'. ಕಾನೂನಿನ ಕಣ್ಣಿಗೆ ಒಬ್ಬೊಬ್ಬರದು ಒಂದೊಂದು ಲೋಕ. ಒಬ್ಬರಿಗೆ ಸಿಕ್ಕ ತೀರ್ಪು ಪಕ್ಕದ ಕುರ್ಚಿಯವರಿಗೆ ಅನ್ವಯ ಆಗದಿರಲು ಇದೇ ಮೊದಲ ಕಾರಣ.

ಕಥೆ ಶುರುವಾಗಿದ್ದು ಇಲ್ಲಿಂದಲೇ

ದಿನಗೂಲಿ ನೇಮಕ ಕೈಮೀರಿ ಹೋಗುತ್ತಿದೆ ಅಂತ ಕರ್ನಾಟಕ ಸರ್ಕಾರಕ್ಕೆ ನಲವತ್ತು ವರ್ಷದ ಹಿಂದೆಯೇ ಅನಿಸಿತ್ತು. 1984ರ ಜುಲೈ 1ರ ನಂತರ ದಿನಗೂಲಿಗಳನ್ನು ತೆಗೆದುಕೊಳ್ಳಬಾರದು ಅಂತ ನಿಷೇಧ ಬಂತು. ನಿಷೇಧ ಕಾಗದದಲ್ಲಿ ಉಳಿಯಿತು. ನಿಷೇಧ ಇದ್ದಾಗಲೂ ಕಚೇರಿಗಳಲ್ಲಿ ಕೆಲಸ ಇತ್ತು, ಹುದ್ದೆ ಇರಲಿಲ್ಲ. ಹಾಗಾಗಿ ಅಧಿಕಾರಿಗಳು ಜನರನ್ನು ತೆಗೆದುಕೊಳ್ಳುತ್ತಲೇ ಹೋದರು.

ಅದಕ್ಕೂ ಮೊದಲು ಬಂದವರ ಪಾಡೇನು ಎಂಬ ಪ್ರಶ್ನೆಯನ್ನು ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿಗೆ ಒಯ್ದಿತು. 1990ರಲ್ಲಿ ತೀರ್ಪು ಬಂತು. ಹತ್ತು ವರ್ಷ ಸೇವೆ ಮುಗಿಸಿದವರನ್ನು ಹಂತಹಂತವಾಗಿ ಖಾಯಂ ಮಾಡುವ ಯೋಜನೆಗೆ ಕೋರ್ಟು ಮುದ್ರೆ ಒತ್ತಿತು. 'ಹತ್ತು ವರ್ಷ' ಎಂಬ ಲೆಕ್ಕ ಕರ್ನಾಟಕದ ನೌಕರರ ಬಾಯಲ್ಲಿ ಕೂತಿದ್ದು ಅಲ್ಲಿಂದ.

1984ರ ನಿಷೇಧದ ನಂತರ ಬಂದವರು ಅದನ್ನೇ ಹಿಡಿದು ಕೋರ್ಟಿಗೆ ಹೋದರು. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985–86ರಲ್ಲಿ ಸೇರಿದ ದಿನಗೂಲಿಗಳೂ ಇವರಲ್ಲಿದ್ದರು. ಹೈಕೋರ್ಟಿನಲ್ಲಿ ಗೆದ್ದರು. ಸರ್ಕಾರ ಮೇಲ್ಮನವಿ ಹೋಯಿತು. ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2006ರ ಏಪ್ರಿಲ್ 10ರಂದು ತೀರ್ಪು ಕೊಟ್ಟಿತು. ಇವತ್ತಿಗೂ ಎಲ್ಲ ವಕೀಲರ ಬಾಯಲ್ಲಿರುವ 'ಉಮಾದೇವಿ ತೀರ್ಪು' ಇದೇ.

ಉಮಾದೇವಿ ತೀರ್ಪಿನಲ್ಲಿ ಇದ್ದದ್ದು

ತೀರ್ಪಿನ ವಾದ ಸರಳ. ಸರ್ಕಾರಿ ಕೆಲಸ ಎಲ್ಲರ ಸೊತ್ತು. ಅದಕ್ಕೆ ಜಾಹೀರಾತು ಕೊಡಬೇಕು, ಅರ್ಹರೆಲ್ಲರೂ ಅರ್ಜಿ ಹಾಕುವಂತಿರಬೇಕು, ಮೀಸಲಾತಿ ಪಾಲಿಸಬೇಕು. ಸಂವಿಧಾನದ 14 ಮತ್ತು 16ನೇ ವಿಧಿಗಳು ಕೇಳುವುದು ಇದನ್ನೇ. ಅಧಿಕಾರಿಯೊಬ್ಬರು ಯಾರನ್ನೋ ಕರೆದು ಕೆಲಸಕ್ಕೆ ಇಟ್ಟುಕೊಂಡು, ಹತ್ತು ವರ್ಷ ಆದ ಮೇಲೆ ಕೋರ್ಟು ಅವರನ್ನು ಖಾಯಂ ಮಾಡಿದರೆ, ಹೊರಗೆ ಅರ್ಜಿಗೆ ಕಾಯುತ್ತಿದ್ದವರಿಗೆ ಮೋಸ ಆಗುತ್ತದೆ. ಹಾಗಾಗಿ ತುಂಬಾ ವರ್ಷ ದುಡಿದ ಮಾತ್ರಕ್ಕೆ ಖಾಯಂ ಆಗುವ ಹಕ್ಕು ಹುಟ್ಟುವುದಿಲ್ಲ. ಹೈಕೋರ್ಟುಗಳು ಹಾಗೆ ಆದೇಶ ಕೊಡಬಾರದು.

ಆದರೆ ತೀರ್ಪಿನ 53ನೇ ಪ್ಯಾರಾದಲ್ಲಿ ಒಂದು ಕಿಟಕಿ ಇತ್ತು. ಅಲ್ಲಿ ಕೋರ್ಟು 'ಅಕ್ರಮ' ನೇಮಕ ಬೇರೆ, 'ಕ್ರಮ ತಪ್ಪಿದ' ನೇಮಕ ಬೇರೆ ಎಂದಿತು. ಕನ್ನಡದಲ್ಲಿ ಎರಡೂ ಒಂದೇ ಅನಿಸುತ್ತೆ, ಅಲ್ವಾ? ವ್ಯತ್ಯಾಸ ಹೀಗಿದೆ. ಹುದ್ದೆಯೇ ಮಂಜೂರಾಗಿಲ್ಲ, ಅಥವಾ ಬಂದವರಿಗೆ ಬೇಕಾದ ವಿದ್ಯಾರ್ಹತೆಯೇ ಇಲ್ಲ ಎಂದಾದರೆ ಅದು ಅಕ್ರಮ. ಅದನ್ನು ಸರಿಪಡಿಸಲು ಬರುವುದಿಲ್ಲ. ಮಂಜೂರಾದ ಖಾಲಿ ಹುದ್ದೆ ಇತ್ತು, ಅರ್ಹತೆಯೂ ಇತ್ತು, ಆದರೆ ಆಯ್ಕೆಯ ವಿಧಾನದಲ್ಲಿ ಲೋಪ ಇತ್ತು ಎಂದಾದರೆ ಅದು ಕ್ರಮ ತಪ್ಪಿದ ನೇಮಕ. ಈ ಎರಡನೇ ಗುಂಪಿನವರು, ಕೋರ್ಟಿನ ತಡೆಯಾಜ್ಞೆಯ ಆಸರೆ ಇಲ್ಲದೆ ಹತ್ತು ವರ್ಷ ದುಡಿದಿದ್ದರೆ, ಒಂದು ಬಾರಿಯ ಕ್ರಮವಾಗಿ ಅವರನ್ನು ಸಕ್ರಮ ಮಾಡಿ. ಆರು ತಿಂಗಳಲ್ಲಿ ಕೆಲಸ ಶುರುಮಾಡಿ. ಇಷ್ಟು ಕೋರ್ಟಿನ ಮಾತು.

ಸರ್ಕಾರಗಳು ತೀರ್ಪಿನ ಮೊದಲ ಅರ್ಧವನ್ನು ಬಾಯಿಪಾಠ ಮಾಡಿದವು, 53ನೇ ಪ್ಯಾರಾವನ್ನು ಮರೆತವು. ಯಾರೇ ಅರ್ಜಿ ಕೊಡಲಿ, 'ಉಮಾದೇವಿ ತೀರ್ಪಿನಂತೆ ಪರಿಗಣಿಸಲು ಬರುವುದಿಲ್ಲ' ಎಂಬ ಒಂದು ಸಾಲಿನ ಹಿಂಬರಹ. ಗದಗ ಜಿಲ್ಲಾ ಪಂಚಾಯಿತಿಯ ದಿನಗೂಲಿ ನೌಕರರ ಕೇಸಿನಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಿದ್ದಬೇಕಾಯಿತು. ಒಂದು ಬಾರಿಯ ಕ್ರಮ ಎಂದರೆ ಅರ್ಹರೆಲ್ಲರ ಹೆಸರನ್ನೂ ಪರಿಶೀಲಿಸುವ ತನಕ ಅದು ಮುಗಿಯುವುದಿಲ್ಲ, ಕೆಲವರನ್ನು ಬಿಟ್ಟು 'ಆಯಿತು' ಎನ್ನಬೇಡಿ ಎಂದಿತು.

ಕರ್ನಾಟಕ ಹಿಡಿದ ನಡುದಾರಿ

ಇಷ್ಟೆಲ್ಲ ಆದ ಮೇಲೂ ಅತ್ತ ಖಾಯಂ ಮಾಡಲಾಗದೆ, ಇತ್ತ ಮನೆಗೆ ಕಳಿಸಲಾಗದೆ ಉಳಿದವರು ಬಹಳ ಜನ. ಅವರಿಗಾಗಿ ರಾಜ್ಯ ಒಂದು ಕಾನೂನನ್ನೇ ಮಾಡಿತು. 2012ರ ಕರ್ನಾಟಕ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಅಧಿನಿಯಮ. ಪಟ್ಟಿಯಲ್ಲಿ ಹೆಸರು ಅಧಿಸೂಚನೆಯಾದವರು 60 ವರ್ಷದವರೆಗೆ ಕೆಲಸ ಮಾಡಬಹುದು. ಆ ಹುದ್ದೆಯ ವೇತನ ಶ್ರೇಣಿಯ ಕನಿಷ್ಠ ಮೊತ್ತ ಮತ್ತು ಭತ್ಯೆಗಳು ಸಿಗುತ್ತವೆ. ಆದರೆ ಅವರು ಸರ್ಕಾರಿ ನೌಕರರಲ್ಲ. ಕೆಲಸ ಹೋಗುವ ಭಯ ತಪ್ಪಿತು, ದರ್ಜೆ ಮಾತ್ರ ಸಿಗಲಿಲ್ಲ.

ಸರ್ಕಾರಿ ಕಚೇರಿಗಳಲ್ಲಿ 'ಕ್ಷೇಮಾಭಿವೃದ್ಧಿ ನೌಕರ' ಎಂಬ ವಿಚಿತ್ರ ಹೆಸರು ಕೇಳಿಬರುವುದು ಇದರಿಂದಲೇ. ಒಂದು ರೀತಿಯಲ್ಲಿ ಇದು ಪ್ರಾಮಾಣಿಕ ಹೊಂದಾಣಿಕೆ. ಇನ್ನೊಂದು ರೀತಿಯಲ್ಲಿ, ತನ್ನಲ್ಲಿ ಶಾಶ್ವತವಾಗಿ ತಾತ್ಕಾಲಿಕರಾದ ಜನರಿದ್ದಾರೆ ಅಂತ ಸರ್ಕಾರ ಕಾನೂನಿನಲ್ಲೇ ಒಪ್ಪಿಕೊಂಡ ಹಾಗಾಯಿತು.

2024ರ ನಂತರ ಗಾಳಿ ತಿರುಗಿದ್ದು

2024ರ ಡಿಸೆಂಬರ್ 20ರಂದು ಬಂದಿದ್ದು 'ಜಗ್ಗೋ' ತೀರ್ಪು. ಕೇಂದ್ರ ಜಲ ಆಯೋಗದ ಫರೀದಾಬಾದ್ ಕಚೇರಿಯಲ್ಲಿ ಕಸ ಗುಡಿಸುವ, ತೋಟ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದ ಜಗ್ಗೋ ಮತ್ತಿತರರ ಕೇಸು. ಹತ್ತರಿಂದ ಇಪ್ಪತ್ತು ವರ್ಷ ದುಡಿದಿದ್ದರು. ಖಾಯಂ ಮಾಡಿ ಅಂತ ನ್ಯಾಯಮಂಡಳಿಗೆ ಹೋದರು, ಸೋತರು. ಸೋತ ಕೆಲವೇ ತಿಂಗಳಿಗೆ, 2018ರ ಅಕ್ಟೋಬರ್‌ನಲ್ಲಿ, ನೋಟಿಸೂ ಇಲ್ಲದೆ ಕೆಲಸದಿಂದ ತೆಗೆದರು. ಅದೇ ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟರು. ನಿಮಗೆ ವಿದ್ಯಾರ್ಹತೆ ಇಲ್ಲ ಎಂಬ ವಾದವೂ ಬಂತು.

ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ಪಿ.ಬಿ. ವರಾಳೆ ಅವರ ಪೀಠ ಕೇಳಿದ್ದು ನೇರ ಪ್ರಶ್ನೆ. ಆ ಕಚೇರಿಯಲ್ಲಿ ಕಸ ಗುಡಿಸುವುದು ತಾತ್ಕಾಲಿಕ ಕೆಲಸವೇ? ದಿನಾ ಇರುವ ಕೆಲಸಕ್ಕೆ 'ತಾತ್ಕಾಲಿಕ' ಎಂಬ ಹೆಸರು ಕೊಟ್ಟ ಮಾತ್ರಕ್ಕೆ ಅದು ತಾತ್ಕಾಲಿಕ ಆಗುತ್ತದೆಯೇ? ಉಮಾದೇವಿ ತೀರ್ಪು ಇದ್ದದ್ದು ಹಿಂಬಾಗಿಲ ನೇಮಕ ತಡೆಯಲು. ದಶಕಗಟ್ಟಲೆ ದುಡಿಸಿಕೊಂಡವರನ್ನು ಹೊರಹಾಕಲು ಅದನ್ನೇ ಆಯುಧ ಮಾಡಿಕೊಳ್ಳಬೇಡಿ ಎಂಬ ಅರ್ಥದಲ್ಲಿ ಪೀಠ ಹೇಳಿತು. ವಾಪಸು ಕೆಲಸಕ್ಕೆ ತೆಗೆದುಕೊಂಡು ಖಾಯಂ ಮಾಡಿ ಎಂದಿತು.

ಇದೇ ಪೀಠ 2025ರ ಜನವರಿ 31ರಂದು ಗಾಜಿಯಾಬಾದ್ ನಗರ ಪಾಲಿಕೆಯ ಮಾಲಿಗಳ ಪರ ತೀರ್ಪು ಕೊಟ್ಟಿತು. ಆಮೇಲೆ ಬಂದಿದ್ದೇ ಆಗಸ್ಟ್‌ನ ತೀರ್ಪು. ಅದರಲ್ಲಿ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಣ ಇಲ್ಲ ಎಂಬ ಉತ್ತರವನ್ನೇ ಪರೀಕ್ಷೆಗೆ ಒಡ್ಡಿತು. ಸರ್ಕಾರ ಸಾಮಾನ್ಯ ಮಾಲೀಕನಲ್ಲ, ಸಂವಿಧಾನಕ್ಕೆ ಬದ್ಧನಾದ ಮಾಲೀಕ. ತೀರಾ ಕೆಳಗಿನ ಕೆಲಸ ಮಾಡುವವರ ಬೆನ್ನ ಮೇಲೆ ಬಜೆಟ್ ಸರಿದೂಗಿಸಬಾರದು ಎಂಬುದು ಅದರ ಸಾರ.

ಹಾಗಾದರೆ ಹಳೆಯ ತೀರ್ಪು ಹೋಯಿತೇ?

ಇಲ್ಲ. ಓದುಗರನ್ನು ಜಾಸ್ತಿ ಗೊಂದಲಕ್ಕೆ ಹಾಕುತ್ತಿರುವ ಜಾಗ ಇದೇ. ಉಮಾದೇವಿ ತೀರ್ಪು ಕೊಟ್ಟಿದ್ದು ಐವರ ಪೀಠ. ಜಗ್ಗೋ ಮತ್ತು ನಂತರದವು ಇಬ್ಬರ ಪೀಠದ ತೀರ್ಪುಗಳು. ಇಬ್ಬರ ಪೀಠ ಐವರ ಪೀಠದ ಮಾತನ್ನು ಅಳಿಸಲು ಬರುವುದಿಲ್ಲ. ಅದರ ಅರ್ಥ ಏನು ಅಂತ ಬಿಡಿಸಿ ಹೇಳಬಹುದು, ಅಷ್ಟೇ. ಹೊಸ ತೀರ್ಪುಗಳು ಮಾಡಿರುವುದೂ ಅದನ್ನೇ. 53ನೇ ಪ್ಯಾರಾದ ಕಿಟಕಿಯನ್ನು ಅಗಲ ಮಾಡಿವೆ, ಗೋಡೆ ಒಡೆದಿಲ್ಲ.

ಇದರ ಪರಿಣಾಮ ನೇರವಾಗಿ ಕಾಣುತ್ತದೆ. ಎರಡೂ ಬಗೆಯ ತೀರ್ಪುಗಳು ಜೀವಂತ ಇರುವುದರಿಂದ ನೌಕರರ ವಕೀಲರು ಜಗ್ಗೋ ಓದುತ್ತಾರೆ, ಸರ್ಕಾರಿ ವಕೀಲರು ಉಮಾದೇವಿ ಓದುತ್ತಾರೆ. ಯಾವ ಕೇಸಿನ ಸಂಗತಿ ಯಾವುದಕ್ಕೆ ಹತ್ತಿರ ಇದೆ ಅನ್ನೋದರ ಮೇಲೆ ಫಲ ನಿಂತಿದೆ. ಒಂದೇ ವಾರದಲ್ಲಿ ಒಬ್ಬರು ಗೆದ್ದು ಇನ್ನೊಬ್ಬರು ಸೋತ ಸುದ್ದಿ ಬಂದರೆ ಆಶ್ಚರ್ಯ ಪಡಬೇಕಿಲ್ಲ.

ಕೋರ್ಟು ನೋಡುವ ಸಂಗತಿಗಳು ಕೆಲವು. ಆ ಕೆಲಸ ವರ್ಷವಿಡೀ ಇರುವಂಥದ್ದೇ? ನಿಮ್ಮನ್ನು ನೇಮಿಸಿದ್ದು ಇಲಾಖೆಯೇ, ನಡುವೆ ಬೇರೆಯವರಿದ್ದಾರೆಯೇ? ನಿಮ್ಮ ಥರವೇ ಇದ್ದ ಇನ್ನೊಬ್ಬರನ್ನು ಖಾಯಂ ಮಾಡಿ ನಿಮ್ಮನ್ನು ಬಿಟ್ಟರೇ? ಜಗ್ಗೋ ಕೇಸಿನಲ್ಲಿ ಈ ಕೊನೆಯದು ಬಹಳ ಕೆಲಸ ಮಾಡಿತು. ಅವರಿಗಿಂತ ಕಡಿಮೆ ಸೇವೆ ಇದ್ದವರು ಖಾಯಂ ಆಗಿದ್ದರು.

ಇವೆಲ್ಲಕ್ಕಿಂತ ಮೊದಲು ಬರೋದು, ದುಡಿದಿದ್ದಕ್ಕೆ ದಾಖಲೆ ಇದೆಯೇ ಎಂಬುದು. ಹಾಜರಿ ಪಟ್ಟಿ ಇರೋದು ಕಚೇರಿಯ ಬೀರುವಿನಲ್ಲಿ. ಸಾಬೀತು ಮಾಡಬೇಕಾದವರು ನೌಕರರು. ವರ್ಷಕ್ಕೆ 240 ದಿನ ದುಡಿದೆ ಅಂತ ಸುಮ್ನೆ ಪ್ರಮಾಣಪತ್ರ ಕೊಟ್ಟರೆ ಸಾಲದು ಎಂದು 2002ರಲ್ಲಿ ಕರ್ನಾಟಕದ ಅರಣ್ಯ ಇಲಾಖೆಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೂರು ವರ್ಷದ ಮೇಲೆ ಇನ್ನೊಂದು ಕೇಸಿನಲ್ಲಿ ಸ್ವಲ್ಪ ಮೆತ್ತಗಾಯಿತು. ನೌಕರ ಸಾಕ್ಷಿ ಹೇಳಿ, ಎನ್‌ಎಂಆರ್ ತಂದು ತೋರಿಸಿ ಅಂತ ಇಲಾಖೆಯನ್ನು ಕೇಳಬಹುದು ಎಂದಿತು. ಹಳೆಯ ದಿನಗೂಲಿಗಳು ಮಾಸಿದ ಗುರುತಿನ ಚೀಟಿ, ಚುನಾವಣೆ ಡ್ಯೂಟಿಯ ಆದೇಶ, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡುವುದು ಇದೇ ಕಾರಣಕ್ಕೆ.

240 ದಿನ, ಒಂದು ವರ್ಷ: ಎರಡು ತಪ್ಪು ತಿಳಿವಳಿಕೆ

240 ದಿನ ಮುಗಿದರೆ ಖಾಯಂ ಎಂಬ ನಂಬಿಕೆ ಫ್ಯಾಕ್ಟರಿಗಳಿಂದ ಹಿಡಿದು ಪಂಚಾಯಿತಿಗಳವರೆಗೆ ಇದೆ. ಅದು ಸರಿಯಲ್ಲ. 240 ದಿನ ಮುಗಿದರೆ ಕೈಗಾರಿಕಾ ಕಾನೂನಿನ ಪ್ರಕಾರ 'ಒಂದು ವರ್ಷದ ನಿರಂತರ ಸೇವೆ' ಆಗುತ್ತದೆ. ಆಮೇಲೆ ಕೆಲಸದಿಂದ ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್, ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ ಕೊಡಬೇಕು. ರಕ್ಷಣೆ ಇರೋದು ಅಷ್ಟಕ್ಕೆ.

ಹೊಸ ಸಂಹಿತೆಗಳ 'ಒಂದು ವರ್ಷ'ದ ಮಾತೂ ಹೀಗೆಯೇ. ನಿಗದಿತ ಅವಧಿಗೆ ಅಂತ ನೇಮಕವಾದವರಿಗೆ ಖಾಯಂ ನೌಕರರಷ್ಟೇ ಸೌಲಭ್ಯ ಕೊಡಬೇಕು, ಒಂದು ವರ್ಷ ದುಡಿದರೂ ಗ್ರಾಚ್ಯುಟಿ ಕೊಡಬೇಕು ಎನ್ನುತ್ತದೆ ಕಾನೂನು. ಹಿಂದೆ ಗ್ರಾಚ್ಯುಟಿಗೆ ಐದು ವರ್ಷ ಬೇಕಿತ್ತು. ಇದು ಒಳ್ಳೆಯದೇ. ಆದರೆ ಅವಧಿ ಮುಗಿದ ದಿನ ಕೆಲಸವೂ ಮುಗಿಯುತ್ತದೆ. ಕಾರ್ಮಿಕ ಸಂಘಟನೆಗಳು ಇದನ್ನು ವಿರೋಧಿಸುವುದಕ್ಕೆ ಕಾರಣ ಇದೆ. ಖಾಯಂ ನೌಕರರನ್ನು ತೆಗೆದುಕೊಳ್ಳಬಹುದಾದ ಜಾಗಕ್ಕೂ ಅವಧಿ ನೌಕರರನ್ನು ತುಂಬುವ ದಾರಿ ಸಲೀಸಾಯಿತು ಎಂಬುದು ಅವರ ಆತಂಕ. ಈ ಆತಂಕವನ್ನು ತಳ್ಳಿಹಾಕುವ ಹಾಗಿಲ್ಲ.

ಬೇಡ ಎನ್ನುವವರ ಮಾತಿನಲ್ಲೂ ತೂಕ ಇದೆ

ಸರ್ಕಾರದ ವಾದ ಹಣದ್ದು. ರಾಜ್ಯದಲ್ಲಿ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಯಿತು. ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ವರ್ಷಕ್ಕೆ 20,208 ಕೋಟಿ ರೂಪಾಯಿ ಹೆಚ್ಚುವರಿ ಹೊರೆ ಎಂದು ಸರ್ಕಾರ ಹೇಳಿತು. ಒಬ್ಬರನ್ನು ಖಾಯಂ ಮಾಡಿದರೆ ಮೂವತ್ತು ವರ್ಷದ ಸಂಬಳ, ಭತ್ಯೆ, ಮುಂದಿನ ಎರಡು ಮೂರು ವೇತನ ಆಯೋಗಗಳ ಏರಿಕೆ ಎಲ್ಲ ಅದರ ಹಿಂದೆಯೇ ಬರುತ್ತದೆ.

ಹೊರಗುತ್ತಿಗೆ ಅಗ್ಗ ಎಂಬ ನಂಬಿಕೆಯೂ ಇಲ್ಲಿಂದಲೇ ಹುಟ್ಟಿದ್ದು. ಇದನ್ನು ಸ್ವಲ್ಪ ಕೆದಕಿ ನೋಡಬೇಕು. ಏಜೆನ್ಸಿ ಮೂಲಕ ತೆಗೆದುಕೊಂಡರೆ ಸಂಬಳದ ಮೇಲೆ ಮಾಲೀಕರ ಪಾಲಿನ ಪಿಎಫ್ ಸುಮಾರು ಶೇ. 13, ಇಎಸ್‌ಐ ಶೇ. 3.25 ಸೇರುತ್ತದೆ. ಏಜೆನ್ಸಿಯ ಸೇವಾ ಶುಲ್ಕ ಬೇರೆ. ವಿನಾಯಿತಿ ಇಲ್ಲದ ಕಡೆ ಶೇ. 18 ಜಿಎಸ್‌ಟಿಯೂ ಬೀಳುತ್ತದೆ. ಇಷ್ಟು ಕೊಟ್ಟ ಮೇಲೂ ಹೊರಗುತ್ತಿಗೆ ಅಗ್ಗ ಆಗುವುದು ಒಂದೇ ಕಾರಣಕ್ಕೆ. ಕೆಲಸಗಾರನ ಕೈಗೆ ಹೋಗುವ ಮೊತ್ತ ಕಡಿಮೆ, ಎಷ್ಟು ವರ್ಷ ಆದರೂ ಅದು ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಉಳಿತಾಯ ಆಗುವುದು ಅವರ ಇನ್‌ಕ್ರಿಮೆಂಟಿನಲ್ಲಿ.

ಎರಡನೇ ಆಕ್ಷೇಪ ಸರ್ಕಾರದ್ದಲ್ಲ, ಕೆಲಸಕ್ಕೆ ಕಾಯುತ್ತಿರುವವರದ್ದು. ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರ್‌ಗಳಲ್ಲಿ, ತಿಂಗಳ ಬಾಡಿಗೆಯ ರೀಡಿಂಗ್ ರೂಮುಗಳಲ್ಲಿ ಕೂತು ವರ್ಷಗಟ್ಟಲೆ ಓದುತ್ತಿರುವ ಹುಡುಗ ಹುಡುಗಿಯರಿದ್ದಾರೆ. ಅವರು ಕೇಳುವುದು ಇಷ್ಟು: ನಮಗೆ ಪರೀಕ್ಷೆ ಬರೆಯಲು ಅಧಿಸೂಚನೆಯೇ ಇಲ್ಲ, ವಯಸ್ಸು ಮೀರುತ್ತಿದೆ, ಇರುವ ಹುದ್ದೆಗಳನ್ನು ಪರೀಕ್ಷೆ ಇಲ್ಲದೆ ಬಂದವರಿಗೆ ಕೊಟ್ಟರೆ ನಾವೆಲ್ಲಿಗೆ ಹೋಗಬೇಕು? ದಿನಗೂಲಿ ಹೋರಾಟ ಮತ್ತು ಉದ್ಯೋಗಾಕಾಂಕ್ಷಿಗಳ ಹೋರಾಟ, ಎರಡರ ಹೆಸರಲ್ಲೂ ಧಾರವಾಡ ಇರುವುದು ಕಾಕತಾಳೀಯ ಇರಬಹುದು. ಆದರೆ ಎರಡೂ ಒಂದೇ ಖಾಲಿ ಕುರ್ಚಿಯ ಮೇಲಿನ ಜಗಳ.

ಮೀಸಲಾತಿಯ ಪ್ರಶ್ನೆಯೂ ಇದರೊಳಗಿದೆ. ಹಿಂಬಾಗಿಲಿಂದ ಬಂದವರ ಪಟ್ಟಿಗೆ ರೋಸ್ಟರ್, ಅಂದರೆ ಯಾವ ಹುದ್ದೆ ಯಾವ ವರ್ಗಕ್ಕೆ ಎಂಬ ಮೀಸಲಾತಿ ಲೆಕ್ಕ, ಇರುವುದಿಲ್ಲ. ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಿ ಎಂದು ಕರ್ನಾಟಕ 2024ರಲ್ಲಿ ಆದೇಶ ಹೊರಡಿಸಿದ್ದು ಈ ಕೊರತೆ ಕಂಡೇ.

ಖಾಲಿ ಕುರ್ಚಿ ಖಾಲಿ ಯಾಕಿದೆ?

ಈ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಚರ್ಚೆ ಮಾಡುವುದು ಸುಲಭ. ಆದರೆ ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಮಂಜೂರಾದ ಹುದ್ದೆಗಳು ಖಾಲಿ ಇವೆ. ಒಳಮೀಸಲಾತಿ ತೀರ್ಮಾನ ಆಗಲಿ ಎಂದು 2024ರ ಕೊನೆಯಲ್ಲಿ ಹೊಸ ಅಧಿಸೂಚನೆಗಳನ್ನೇ ನಿಲ್ಲಿಸಲಾಯಿತು. ಆ ಕಾರಣ ನ್ಯಾಯವಾದದ್ದೇ. ಆದರೆ ನೇಮಕಾತಿ ನಿಂತ ಮಾತ್ರಕ್ಕೆ ಪಹಣಿ ಕೊಡುವುದು, ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವುದು, ಕಾಲೇಜಿನಲ್ಲಿ ಪಾಠ ಮಾಡುವುದು ನಿಲ್ಲುವುದಿಲ್ಲ. ಆ ಕೆಲಸಕ್ಕೆ ಗುತ್ತಿಗೆಯವರು, ಅತಿಥಿಗಳು, ಏಜೆನ್ಸಿಯವರು ಬರುತ್ತಾರೆ. ಐದು ವರ್ಷ ಕಳೆದರೆ ಅವರೂ ಖಾಯಂ ಕೇಳುತ್ತಾರೆ. ಅಷ್ಟರಲ್ಲಿ ಓದುತ್ತಿದ್ದವರ ವಯಸ್ಸೂ ಮೀರಿರುತ್ತದೆ.

ಅಂದರೆ ನೇಮಕಾತಿ ತಡವಾದಷ್ಟೂ ತಾತ್ಕಾಲಿಕರು ಹೆಚ್ಚುತ್ತಾರೆ. ತಾತ್ಕಾಲಿಕರು ಹೆಚ್ಚಿದಷ್ಟೂ ಕೋರ್ಟು ಕೇಸು ಹೆಚ್ಚುತ್ತದೆ. ಕೇಸಿನಲ್ಲಿ ಸಿಕ್ಕಿಬಿದ್ದ ಹುದ್ದೆಗೆ ಹೊಸ ನೇಮಕಾತಿ ಇನ್ನಷ್ಟು ತಡ. ಈ ಸರಪಳಿಯಲ್ಲಿ ತಾತ್ಕಾಲಿಕ ನೌಕರರ ತಪ್ಪೂ ಇಲ್ಲ, ಪರೀಕ್ಷೆಗೆ ಓದುವವರ ತಪ್ಪೂ ಇಲ್ಲ. ಹುದ್ದೆ ತುಂಬದೆ ಕೆಲಸ ಮಾತ್ರ ಮಾಡಿಸಿಕೊಳ್ಳುವ ತೀರ್ಮಾನ ಸರ್ಕಾರಗಳದ್ದು. ಅದು ಪಕ್ಷಾತೀತ.

ಪೌರಕಾರ್ಮಿಕರದ್ದು ಹೇಗೆ ಸಾಧ್ಯವಾಯಿತು

ದಾರಿಯೇ ಇಲ್ಲ ಎನ್ನುವವರು ಬೆಂಗಳೂರಿನ ಪೌರಕಾರ್ಮಿಕರನ್ನು ನೋಡಬೇಕು. ಗುತ್ತಿಗೆದಾರರ ಕೈಕೆಳಗೆ ದುಡಿಯುತ್ತಿದ್ದ ಇವರಲ್ಲಿ ಹೆಚ್ಚಿನವರು ದಲಿತ ಮಹಿಳೆಯರು. 2017ರಲ್ಲಿ ಮೊದಲ ಬದಲಾವಣೆ ಬಂತು. ನಡುವಿನ ಗುತ್ತಿಗೆದಾರರನ್ನು ತೆಗೆದು ಪಾಲಿಕೆಯೇ ಖಾತೆಗೆ ಸಂಬಳ ಹಾಕುವ 'ನೇರ ಪಾವತಿ' ಶುರುವಾಯಿತು. 2022ರ ಜುಲೈನಲ್ಲಿ ಖಾಯಂ ಮಾಡಿ ಅಂತ ಕಸ ಎತ್ತುವುದನ್ನೇ ನಿಲ್ಲಿಸಿ ಮುಷ್ಕರ ಕೂತರು. ಆಗಿನ ಸರ್ಕಾರ ಒಪ್ಪಿತು. ನಂತರ ಬಂದ ಸರ್ಕಾರ ಮುಂದುವರಿಸಿತು. 2025ರ ಮೇ 1ರಂದು 12,692 ಪೌರಕಾರ್ಮಿಕರಿಗೆ ನೇಮಕಾತಿ ಪತ್ರ ಕೊಡಲಾಯಿತು.

ಇಲ್ಲಿ ಗಮನಿಸಬೇಕಾದ್ದು ವಿಧಾನ. ಇದು ಕೋರ್ಟಿನ ಆದೇಶದಿಂದ ಆಗಿದ್ದಲ್ಲ. ಸರ್ಕಾರ ಹುದ್ದೆ ಮಂಜೂರು ಮಾಡಿತು, ವಿಶೇಷ ನೇಮಕಾತಿ ನಡೆಸಿತು, ದುಡಿದ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಉಮಾದೇವಿ ತೀರ್ಪು ಕಟ್ಟಿಹಾಕಿದ್ದು ಮುಖ್ಯವಾಗಿ ಕೋರ್ಟುಗಳ ಕೈಯನ್ನು. ನಿಯಮ ಮಾಡಿ, ಹುದ್ದೆ ಸೃಷ್ಟಿಸಿ, ನೇಮಕಾತಿ ಮಾಡುವ ಸರ್ಕಾರದ ಅಧಿಕಾರವನ್ನು ಅದು ಮುಟ್ಟಿಲ್ಲ. ಅದೇ ತೀರ್ಪು ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳಿಗೆ ನೇಮಕಾತಿಯ ಹೊತ್ತಿಗೆ ವಯಸ್ಸಿನ ಸಡಿಲಿಕೆ ಕೊಡಿ, ಅನುಭವಕ್ಕೆ ಬೆಲೆ ಕೊಡಿ ಎಂದಿತ್ತು. ಹಾಗಾಗಿ 'ಕಾನೂನಿನಲ್ಲಿ ಅವಕಾಶ ಇಲ್ಲ' ಎಂಬ ಉತ್ತರ ಬಂದಾಗಲೆಲ್ಲ, ಅವಕಾಶ ಇಲ್ಲವೋ, ಮನಸ್ಸಿಲ್ಲವೋ ಅಂತ ಕೇಳಬೇಕಾಗುತ್ತದೆ.

ಆದರೆ ಇದೇ ವ್ಯವಸ್ಥೆಯಲ್ಲಿ ಬೆಳಗ್ಗೆ ಮನೆ ಬಾಗಿಲಿಗೆ ಬರುವ ಆಟೋ ಟಿಪ್ಪರ್‌ನ ಚಾಲಕರು, ಸಹಾಯಕರು ಗುತ್ತಿಗೆದಾರರ ಕೆಳಗೇ ಉಳಿದರು. ಎಲ್ಲರೂ ಎತ್ತುವುದು ಒಂದೇ ಕಸ, ಹೆಸರು ಇರುವ ಪುಸ್ತಕ ಬೇರೆ.

ಮುಂದೆ ಏನಾಗಬಹುದು

ನೇರವಾಗಿ ಇಲಾಖೆಯೇ ತೆಗೆದುಕೊಂಡ ಹಳೆಯ ದಿನಗೂಲಿ, ಗುತ್ತಿಗೆ ನೌಕರರ ಕೈ ಈಗ ಮೊದಲಿಗಿಂತ ಬಲವಾಗಿದೆ. ಗೆದ್ದವರಿಗೆ ಎರಡನೇ ಹೋರಾಟ ತಾರೀಖಿನದ್ದು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹೊಸ ಪಿಂಚಣಿ ಯೋಜನೆ. ಅದರಲ್ಲಿ ಹಳೆಯದರಂತೆ ಖಚಿತ ಪಿಂಚಣಿ ಇಲ್ಲ. ಖಾಯಂ ಆದದ್ದು ಯಾವ ದಿನದಿಂದ ಎಂಬ ಒಂದು ಸಾಲಿನ ಮೇಲೆ ಇಡೀ ಮುಪ್ಪಿನ ಲೆಕ್ಕ ಬದಲಾಗುತ್ತದೆ. ಆಗಸ್ಟ್ ತೀರ್ಪಿನಲ್ಲಿ 2002ರ ದಿನಾಂಕ ಇರುವುದಕ್ಕೆ ಅಷ್ಟು ಬೆಲೆ ಬಂದಿದ್ದು ಇದರಿಂದ. ಖಾಯಂ ಆಗದವರಿಗೂ ಒಂದು ಆಸರೆ ಇದೆ. ಖಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕರಿಗೆ ಆ ಶ್ರೇಣಿಯ ಕನಿಷ್ಠ ವೇತನ ಕೊಡಬೇಕು ಎಂಬ 2016ರ ಸುಪ್ರೀಂ ಕೋರ್ಟ್ ತೀರ್ಪು.

ಇಲಾಖೆಗಳು ಇದಕ್ಕೆ ಕೊಡುವ ಉತ್ತರವೂ ಊಹಿಸಬಹುದಾದದ್ದೇ. ನೇರ ನೇಮಕ ಮಾಡಿಕೊಂಡರೆ ನಾಳೆ ಕೋರ್ಟಿಗೆ ಹೋಗುತ್ತಾರೆ ಎಂಬ ಭಯ ಜಾಸ್ತಿಯಾದಷ್ಟೂ ಎಲ್ಲವೂ ಏಜೆನ್ಸಿ ಕಡೆ ತಿರುಗುತ್ತದೆ. ಏಜೆನ್ಸಿ ಮೂಲಕ ಬಂದವರಿಗೆ ಎದುರಾಗುವುದು ಇನ್ನೊಂದು ಐವರ ಪೀಠದ ತೀರ್ಪು, 2001ರದ್ದು. ಭಾರತೀಯ ಉಕ್ಕು ಪ್ರಾಧಿಕಾರದ ಆ ಕೇಸಿನಲ್ಲಿ, ಗುತ್ತಿಗೆ ಪದ್ಧತಿ ನಿಷೇಧವಾದರೂ ಕಾರ್ಮಿಕರು ತಾನಾಗಿಯೇ ಮುಖ್ಯ ಸಂಸ್ಥೆಯ ನೌಕರರಾಗುವುದಿಲ್ಲ ಎಂದಿತು ಕೋರ್ಟು. ಗುತ್ತಿಗೆ ಬರೀ ನೆಪ, ಅಸಲಿ ಮಾಲೀಕ ಇಲಾಖೆಯೇ ಎಂದು ಕೈಗಾರಿಕಾ ನ್ಯಾಯಮಂಡಳಿಯಲ್ಲಿ ಸಾಬೀತು ಮಾಡಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಹೊಸ ಸಂಹಿತೆ ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಬೇಡ ಎನ್ನುತ್ತದೆ. ಆದರೆ ಸ್ವಚ್ಛತೆ, ಕಾವಲು, ಕ್ಯಾಂಟೀನ್, ಹಮಾಲಿಯಂಥ ಕೆಲಸಗಳನ್ನು ಸಾಮಾನ್ಯವಾಗಿ ಆ 'ಮುಖ್ಯ ಕೆಲಸ'ದ ಲೆಕ್ಕದಿಂದ ಹೊರಗಿಟ್ಟಿದೆ. ಜಗ್ಗೋ ಕೇಸಿನ ಗುಡಿಸುವವರು ಅಲ್ಲಿನ ಕಚೇರಿಯ ಬದಲು ಮೊದಲ ದಿನದಿಂದ ಏಜೆನ್ಸಿಯ ಪಟ್ಟಿಯಲ್ಲಿ ಇದ್ದಿದ್ದರೆ ಅವರ ಹಾದಿ ಇನ್ನೂ ಎಷ್ಟೋ ಕಷ್ಟ ಇರುತ್ತಿತ್ತು.

ಹೊರಗುತ್ತಿಗೆಯ ಹಿಂದೆ ಅಡಗಿ ಜನರನ್ನು ಅತಂತ್ರವಾಗಿ ಇಡಬೇಡಿ ಎಂದು ಆಗಸ್ಟ್ ತೀರ್ಪು ಎಚ್ಚರಿಸಿದೆ. ಆ ಮಾತು 2001ರ ಗೋಡೆಯನ್ನು ದಾಟುತ್ತದೋ ಇಲ್ಲವೋ ಎಂಬುದು ಇನ್ನು ಬರುವ ಕೇಸುಗಳಲ್ಲಿ ತೀರ್ಮಾನ ಆಗಬೇಕು. ಅಲ್ಲಿಯವರೆಗೆ ಪದ್ಧತಿ ಇದೇ: ಟೆಂಡರ್ ಅವಧಿ ಮುಗಿಯುತ್ತದೆ, ಹೊಸ ಏಜೆನ್ಸಿ ಬರುತ್ತದೆ, ಅದೇ ಕುರ್ಚಿಯಲ್ಲಿ ಕೂತ ಅದೇ ಆಪರೇಟರ್‌ಗೆ ಹೊಸ ಗುರುತಿನ ಚೀಟಿ ಸಿಗುತ್ತದೆ. ಅದರಲ್ಲಿ ಕೆಲಸಕ್ಕೆ ಸೇರಿದ ದಿನಾಂಕ ಎಂಬ ಜಾಗದಲ್ಲಿ ಆ ತಿಂಗಳ ಒಂದನೇ ತಾರೀಖು ಇರುತ್ತದೆ.